10ಬಿಡಿ, 10ಬಿಇ: ದಾನಿಗೆ ಪ್ರಮಾಣಪತ್ರ ಕೊಡಿಸುವ ಸರ್ಕಾರಿ ಸೇವೆ ಎಷ್ಟು ಗಟ್ಟಿ?

80ಜಿ, ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ಸೆಕ್ಷನ್, ಅದರಡಿ ನೋಂದಣಿ ಇರುವ ಸಂಸ್ಥೆ ಟ್ರಸ್ಟಾಗಿರಲಿ, ಸೊಸೈಟಿಯಾಗಿರಲಿ, ಲಾಭರಹಿತ ಸೆಕ್ಷನ್ 8 ಕಂಪನಿಯಾಗಿರಲಿ, ವರ್ಷಕ್ಕೊಮ್ಮೆ ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲಿಗೆ ಹೋಗಿ ಆ ವರ್ಷ ಯಾರು ಎಷ್ಟು ದಾನ ಕೊಟ್ಟರು ಎಂಬ ಪಟ್ಟಿ ಸಲ್ಲಿಸಲೇಬೇಕು. ಆ ಪಟ್ಟಿಯೇ ಫಾರ್ಮ್ 10ಬಿಡಿ. ಪಟ್ಟಿ ಸೇರಿದ ಮೇಲೆ ಪ್ರತಿ ದಾನಿಯ ಹೆಸರಿಗೂ ಒಂದೊಂದು ಪ್ರಮಾಣಪತ್ರ ತಯಾರಾಗುತ್ತದೆ, ಅದು ಫಾರ್ಮ್ 10ಬಿಇ. ಎರಡಕ್ಕೂ ಗಡುವು ಮೇ 31. ಸಲ್ಲಿಸಲು ಶುಲ್ಕವಿಲ್ಲ. ಈ ಕೆಲಸಕ್ಕೆ ಬೇರೆ ಅಂಗಡಿಯೂ ಇಲ್ಲ. ಹಾಗಾಗಿ ಇಲ್ಲಿ ನೋಡಬೇಕಾದ್ದು ಎರಡು: ಕೈ ಸುಟ್ಟುಕೊಳ್ಳದೆ ಇದನ್ನು ಬಳಸುವುದು ಹೇಗೆ, ಸಣ್ಣ ಸಂಸ್ಥೆಗಳನ್ನು ಇದು ಎಲ್ಲಿ ನಡುನೀರಿನಲ್ಲಿ ಬಿಡುತ್ತದೆ.

2021-22ಕ್ಕಿಂತ ಮೊದಲು ಟ್ರಸ್ಟಿನ ರಸೀದಿ ಪುಸ್ತಕದಿಂದ ಹರಿದುಕೊಟ್ಟ ಚೀಟಿಯೇ ದಾನಿಗೆ ಆಧಾರವಾಗಿತ್ತು. ಚೀಟಿಯಲ್ಲಿರುವ ಮೊತ್ತ ಟ್ರಸ್ಟಿನ ಲೆಕ್ಕದಲ್ಲೂ ಇದೆಯೇ ಎಂದು ಇಲಾಖೆ ತಾಳೆ ನೋಡುವ ಸುಲಭದ ದಾರಿ ಇರಲಿಲ್ಲ. ಸುಳ್ಳು ರಸೀದಿಗಳ ವ್ಯಾಪಾರ ಬೆಳೆದದ್ದು ಆ ಸಂದಿಯಲ್ಲೇ. ಈಗ ದಾನಿ ತನ್ನ ರಿಟರ್ನ್‌ನಲ್ಲಿ ಕೇಳುವ ವಿನಾಯಿತಿಗೂ ಸಂಸ್ಥೆ ಕೊಟ್ಟ ಪಟ್ಟಿಗೂ ತಾಳೆಯಾಗಬೇಕು. ಪ್ರಾಮಾಣಿಕವಾಗಿ ನಡೆಯುವ ಸಂಸ್ಥೆಗಳ ಹೆಸರನ್ನು ಕೆಡಿಸುತ್ತಿದ್ದ ಒಂದು ರೋಗಕ್ಕೆ ಇದು ಮದ್ದು. ಈ ಬದಲಾವಣೆಯನ್ನು ಮನಸಾರೆ ಸ್ವಾಗತಿಸಬೇಕು.

ಆದರೆ ದಾನಿಗೆ ಸಿಗುವುದೆಷ್ಟು? ಸಾಮಾನ್ಯ 80ಜಿ ಸಂಸ್ಥೆಗೆ ಕೊಟ್ಟ ದಾನದ ಅರ್ಧ ಭಾಗಕ್ಕೆ ವಿನಾಯಿತಿ. ಅದಕ್ಕೂ ಮಿತಿಯುಂಟು: ದಾನಿಯ ಹೊಂದಾಣಿಕೆಯಾದ ಒಟ್ಟು ಆದಾಯದ (ಬೇರೆ ಕಡಿತಗಳನ್ನು ಕಳೆದ ಮೇಲಿನ ಆದಾಯ) ಶೇ. 10ರಷ್ಟು ದಾನ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆ ಆದಾಯ 8 ಲಕ್ಷ ಇರುವವರು 1 ಲಕ್ಷ ಕೊಟ್ಟರೆ 80,000 ಮಾತ್ರ ಪರಿಗಣನೆಗೆ ಬಂದು, ಅದರ ಅರ್ಧ 40,000 ಆದಾಯದಿಂದ ಕಳೆಯುತ್ತದೆ. ಇದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗಷ್ಟೇ. 2023-24ರಿಂದ ತಾನೇ ತಾನಾಗಿ ಅನ್ವಯಿಸುವ ಹೊಸ ಪದ್ಧತಿಯಲ್ಲಿ 80ಜಿ ವಿನಾಯಿತಿಯೇ ಇಲ್ಲ. ಹೀಗಾಗಿ ಪ್ಯಾನ್ ಕೇಳಿದರೆ "ನಂಗೆ ಅದರಿಂದ ಏನೂ ಉಪಯೋಗ ಇಲ್ಲ, ಬಿಡಿ" ಎನ್ನುವ ದಾನಿಗಳು ಹೆಚ್ಚಿದ್ದಾರೆ. ದಾನಿಗೆ ಬೇಡವಾದರೂ ಸಂಸ್ಥೆಗೆ ಆ ಸಂಖ್ಯೆ ಬೇಕೇ ಬೇಕು. ಈ ಸೇವೆಯ ಮೊದಲ ಇಕ್ಕಟ್ಟು ಇದೇ. ವಿನಾಯಿತಿಯ ಆಸೆಯನ್ನು ನೆಚ್ಚಿಕೊಂಡು ದಾನ ಕೇಳುತ್ತಿದ್ದ ಸಂಸ್ಥೆಗಳು ತಮ್ಮ ಮನವಿ ಪತ್ರವನ್ನೇ ತಿದ್ದಿಕೊಳ್ಳಬೇಕಾಗಿದೆ. ಈಗಲೂ ಮೊದಲ ಸಾಲಿನಲ್ಲಿ "80ಜಿ ಸೌಲಭ್ಯವಿದೆ" ಎಂದು ದಪ್ಪಕ್ಷರದಲ್ಲಿ ಹಾಕುವವರು ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದನ್ನು ಆ ಜಾಗದಲ್ಲಿ ಬರೆಯುವುದು ಒಳ್ಳೆಯದು.

ಸೇವೆಯೊಳಗೆ ಹೋಗೋಣ. ಸಂಸ್ಥೆಯ ಪ್ಯಾನ್‌ನಿಂದ ಲಾಗಿನ್ ಆಗಿ, ಆದಾಯ ತೆರಿಗೆ ಫಾರ್ಮುಗಳ ಪಟ್ಟಿಯಲ್ಲಿ 10ಬಿಡಿ ಆರಿಸಿ, ಆರ್ಥಿಕ ವರ್ಷ ಕೊಟ್ಟರೆ ಮೂರು ಭಾಗಗಳು ತೆರೆದುಕೊಳ್ಳುತ್ತವೆ: ಸಂಸ್ಥೆಯ ಮೂಲ ವಿವರ, ದಾನಿಗಳ ವಿವರ, ದೃಢೀಕರಣ. ಮೊದಲನೆಯದು ಬಹುಪಾಲು ತುಂಬಿಯೇ ಬರುತ್ತದೆ. ಕೊನೆಯದಕ್ಕೆ ಟ್ರಸ್ಟು, ಸೊಸೈಟಿಗಳಿಗೆ ಒಟಿಪಿ ಮೂಲಕದ ಇವಿಸಿ (ವಿದ್ಯುನ್ಮಾನ ದೃಢೀಕರಣ ಸಂಕೇತ) ಸಾಕು, ಕಂಪನಿಯಾದರೆ ಡಿಜಿಟಲ್ ಸಹಿ ಬೇಕು. ಇಲ್ಲಿ ಸಿಕ್ಕಿಬೀಳುವವರು ಬಹಳ. ಕಾರ್ಯದರ್ಶಿ ಬದಲಾಗಿ ಎರಡು ವರ್ಷವಾದರೂ ಪೋರ್ಟಲ್‌ನಲ್ಲಿ ಹಳೆಯವರ ಮೊಬೈಲ್ ಸಂಖ್ಯೆಯೇ ಉಳಿದಿರುತ್ತದೆ, ಒಟಿಪಿ ಅವರಿಗೆ ಹೋಗುತ್ತದೆ. ಡಿಜಿಟಲ್ ಸಹಿಯ ಅವಧಿ ಮುಗಿದಿರುವುದು ಸಲ್ಲಿಸುವ ದಿನವೇ ಗೊತ್ತಾಗುತ್ತದೆ. ಅಧಿಕೃತ ಸಹಿದಾರರ ವಿವರವನ್ನು ಮಾರ್ಚ್‌ನಲ್ಲೇ ಪರೀಕ್ಷಿಸಿಟ್ಟುಕೊಳ್ಳಿ.

ನಿಜವಾದ ಕೆಲಸ ಇರುವುದು ನಡುವಿನ ಭಾಗದಲ್ಲಿ. ಪೋರ್ಟಲ್ ಕೊಡುವ ಎಕ್ಸೆಲ್ ನಮೂನೆಯನ್ನು ಇಳಿಸಿಕೊಂಡು, ತುಂಬಿ, ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿ ಉಳಿಸಿ ಏರಿಸಬೇಕು. ಒಂದು ಕಡತಕ್ಕೆ 25,000 ಸಾಲುಗಳ ಮಿತಿ. ಅದಕ್ಕಿಂತ ಹೆಚ್ಚು ದಾನಿಗಳಿದ್ದರೆ ಮತ್ತೊಂದು 10ಬಿಡಿ ಸಲ್ಲಿಸಬಹುದು. ಒಂದು ಸಾಲಿನಲ್ಲಿ ಏನೇನು ಬೇಕು ನೋಡಿ: ಕ್ರಮ ಸಂಖ್ಯೆ, ಮುಂಚಿತ ಸ್ವೀಕೃತಿ ಸಂಖ್ಯೆ (ಇದೇನೆಂದು ಮುಂದೆ ಹೇಳಿದೆ) ಇದ್ದರೆ ಅದು, ದಾನಿಯ ಗುರುತಿನ ಬಗೆ, ಆ ಗುರುತಿನ ಸಂಖ್ಯೆ, ಸೆಕ್ಷನ್, ಸಂಸ್ಥೆಯ ನೋಂದಣಿ ಸಂಖ್ಯೆ, ಅದು ಸಿಕ್ಕಿದ ದಿನಾಂಕ, ದಾನಿಯ ಹೆಸರು, ವಿಳಾಸ, ದಾನದ ಬಗೆ, ಬಂದ ರೀತಿ, ಮೊತ್ತ. ಒಂದು ಹಾಳೆಯ ರಸೀದಿಯಲ್ಲಿ ಇವೆಲ್ಲ ಇದ್ದರೆ ಈ ಕೆಲಸ ಅರ್ಧ ದಿನದ್ದು. ರಸೀದಿಯಲ್ಲಿ "ಶ್ರೀ ರಾಮಣ್ಣ, 5,000" ಎಂದಷ್ಟೇ ಇದ್ದರೆ ಮೇ ತಿಂಗಳು ಪೂರ್ತಿ ಫೋನು ಮಾಡುತ್ತಾ ಕೂರಬೇಕು.

ಗುರುತಿಗೆ ಪ್ಯಾನ್ ಅಥವಾ ಆಧಾರ್ ಇದ್ದರೆ ಅದನ್ನೇ ಕೊಡಬೇಕು. ಎರಡೂ ಇಲ್ಲದವರಿಗೆ ಮಾತ್ರ ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ, ರೇಷನ್ ಕಾರ್ಡ್, ಹೊರದೇಶದ ತೆರಿಗೆ ಗುರುತಿನ ಸಂಖ್ಯೆ ಇವುಗಳಲ್ಲಿ ಒಂದು. ರೇಷನ್ ಕಾರ್ಡನ್ನೂ ಸೇರಿಸಿರುವುದು ಹಳ್ಳಿಯ ದಾನಿಗಳ ದೃಷ್ಟಿಯಿಂದ ಒಳ್ಳೆಯ ಯೋಚನೆ.

ಪ್ಯಾನ್‌ನಲ್ಲಿ ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಕೈಬರಹದ ರಸೀದಿಯಿಂದ ಟೈಪ್ ಮಾಡುವಾಗ ಇಂಗ್ಲಿಷಿನ ಓ ಅಕ್ಷರ ಮತ್ತು ಸೊನ್ನೆ, ಐ ಅಕ್ಷರ ಮತ್ತು ಒಂದು ಅದಲುಬದಲಾಗುವುದೇ ಹೆಚ್ಚು. ಯಾವ ಜಾಗದಲ್ಲಿ ಅಕ್ಷರ, ಯಾವ ಜಾಗದಲ್ಲಿ ಅಂಕಿ ಎಂಬುದು ಗೊತ್ತಿದ್ದರೆ ಈ ತಪ್ಪು ಕಣ್ಣಿಗೆ ಬೀಳುತ್ತದೆ. ನಾಲ್ಕನೆಯ ಅಕ್ಷರ ಇನ್ನೊಂದು ಪರೀಕ್ಷೆ: ವ್ಯಕ್ತಿಯಾದರೆ ಪಿ, ಅವಿಭಕ್ತ ಕುಟುಂಬವಾದರೆ ಎಚ್, ಪಾಲುದಾರಿಕೆ ಸಂಸ್ಥೆಯಾದರೆ ಎಫ್, ಕಂಪನಿಯಾದರೆ ಸಿ, ಟ್ರಸ್ಟಾದರೆ ಟಿ. ಚೆಕ್ ಕಂಪನಿಯ ಖಾತೆಯಿಂದ ಬಂದು, ಪ್ಯಾನ್ ಮಾಲೀಕರ ಸ್ವಂತದ್ದಾಗಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ಹಣ ಯಾರ ಖಾತೆಯಿಂದ ಬಂತೋ ಅವರ ಹೆಸರಿಗೇ ಪ್ರಮಾಣಪತ್ರ ಹೋಗಬೇಕು.

ಆಧಾರ್‌ನದ್ದು ಬೇರೆ ತೊಂದರೆ. 12 ಅಂಕಿಯ ಸಂಖ್ಯೆಯನ್ನು ಎಕ್ಸೆಲ್‌ನ ಮಾಮೂಲಿ ಕೋಶದಲ್ಲಿ ಹಾಕಿದರೆ ಅದು 1.23457ಇ+11 ಎಂಬ ರೂಪ ತಾಳುತ್ತದೆ. ಹಾಗೇ ಸಿಎಸ್‌ವಿ ಆಗಿ ಉಳಿಸಿದರೆ ಕಾಣುವ ಅಂಕಿಗಳಷ್ಟೇ ಉಳಿದು ಬಾಕಿಯವು ಶಾಶ್ವತವಾಗಿ ಹೋಗುತ್ತವೆ. ತುಂಬುವ ಮೊದಲೇ ಆ ಕಾಲಮ್ಮನ್ನು ಪಠ್ಯ ರೂಪಕ್ಕೆ ಬದಲಿಸಿ. ಉಳಿಸಿದ ಸಿಎಸ್‌ವಿಯನ್ನು "ಒಮ್ಮೆ ನೋಡಿಬಿಡೋಣ" ಎಂದು ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ, ಅದೇ ಕಥೆ ಮರುಕಳಿಸುತ್ತದೆ. ನೋಡಲೇಬೇಕಿದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೂಲ ಎಕ್ಸೆಲ್ ಕಡತ ಬೇರೆಯೇ ಇರಲಿ, ತಿದ್ದುವುದೆಲ್ಲ ಅದರಲ್ಲೇ ಆಗಲಿ. ದಿನಾಂಕದ ಕಾಲಮ್ಮಿಗೂ ಇದೇ ಎಚ್ಚರ ಬೇಕು: ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದರೆ ದಿನ ಮತ್ತು ತಿಂಗಳು ಜಾಗ ಬದಲಿಸಿಕೊಳ್ಳುತ್ತವೆ.

ನೋಂದಣಿ ಸಂಖ್ಯೆಯ ತಪ್ಪು ಸೂಕ್ಷ್ಮವಾದದ್ದು. ಸಂಸ್ಥೆಯ ಸ್ವಂತ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ (ಹೊಸ ಹೆಸರು 12ಎಬಿ) ಅಡಿ ಒಂದು, 80ಜಿ ಅಡಿ ಒಂದು, ಹೀಗೆ ಸಂಸ್ಥೆಗೆ ಎರಡು ಸಂಖ್ಯೆಗಳಿರುತ್ತವೆ. ಎರಡೂ ಸಂಸ್ಥೆಯ ಪ್ಯಾನ್‌ನಿಂದಲೇ ಶುರುವಾಗುವುದರಿಂದ ಒಂದೇ ಥರ ಕಾಣುತ್ತವೆ. ಇಲ್ಲಿ ಬೇಕಾದ್ದು 80ಜಿ ಆದೇಶದ ಮೇಲಿರುವ ಸಂಖ್ಯೆ. ಅವಧಿಯ ಬಗ್ಗೆಯೂ ಒಂದು ಮಾತು. ತಾತ್ಕಾಲಿಕ ನೋಂದಣಿ 3 ವರ್ಷಕ್ಕೆ, ಖಾಯಂ ಎನ್ನುವುದು 5 ವರ್ಷಕ್ಕೆ. 2025ರ ಹಣಕಾಸು ಕಾಯ್ದೆ ಸಣ್ಣ ಸಂಸ್ಥೆಗಳಿಗೆ, ಅಂದರೆ ಹಿಂದಿನ ಎರಡು ವರ್ಷಗಳಲ್ಲಿ ಆದಾಯ 5 ಕೋಟಿ ಮೀರದವರಿಗೆ, 12ಎಬಿ ನೋಂದಣಿಯನ್ನು 10 ವರ್ಷಕ್ಕೆ ಏರಿಸಿತು. 80ಜಿ ಮಾತ್ರ 5 ವರ್ಷದಲ್ಲೇ ಉಳಿಯಿತು. ಎರಡೂ ಒಟ್ಟಿಗೆ ಮುಗಿಯುತ್ತವೆಂದು ನಂಬಿ ಕುಳಿತರೆ 80ಜಿ ಸದ್ದಿಲ್ಲದೆ ಸತ್ತುಹೋಗುತ್ತದೆ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಕನಿಷ್ಠ 6 ತಿಂಗಳು ಮೊದಲೇ ಹಾಕಬೇಕು. ಕಚೇರಿಯ ಗೋಡೆಯ ಮೇಲೆ ಎರಡು ದಿನಾಂಕಗಳನ್ನೂ ಬೇರೆ ಬೇರೆಯಾಗಿ ಬರೆದು ಅಂಟಿಸಿಡಿ.

ದಾನದ ಬಗೆ ಎಂಬ ಕಾಲಮ್ಮಿನಲ್ಲಿ ಕಾರ್ಪಸ್, ನಿರ್ದಿಷ್ಟ ಅನುದಾನ, ಇತರೆ ಎಂಬ ಆಯ್ಕೆಗಳಿವೆ. ಇದನ್ನು ಯಾಂತ್ರಿಕವಾಗಿ ತುಂಬುವವರೇ ಜಾಸ್ತಿ. ಸಂಸ್ಥೆಯ ಹಣಕಾಸು ನಿಂತಿರುವುದೇ ಈ ಕಾಲಮ್ಮಿನ ಮೇಲೆ. ಸಾಮಾನ್ಯ ದಾನ ಆ ವರ್ಷದ ಆದಾಯ, ಅದರ ಶೇ. 85ನ್ನು ಉದ್ದೇಶಕ್ಕಾಗಿ ಬಳಸಬೇಕು, 15ನ್ನು ಉಳಿಸಿಕೊಳ್ಳಬಹುದು. ಕಾರ್ಪಸ್ ಎಂದರೆ ಮೂಲನಿಧಿ, ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇದು ಮೂಲನಿಧಿಗೇ ಸೇರಬೇಕು ಎಂದು ದಾನಿಯೇ ಹೇಳಿರಬೇಕು, ಆ ಹಣ ಸೆಕ್ಷನ್ 11(5)ರಲ್ಲಿ ಹೇಳಿದ ಹೂಡಿಕೆಗಳಲ್ಲಿ ಪ್ರತ್ಯೇಕವಾಗಿ ಗುರುತಿಸಿ ಇಟ್ಟಿರಬೇಕು. ವರ್ಷದ ಕೊನೆಯಲ್ಲಿ ಶೇ. 85 ಮುಟ್ಟಲಿಲ್ಲವೆಂದು ಒಂದಿಷ್ಟು ದಾನಗಳನ್ನು ಮೇ ತಿಂಗಳಲ್ಲಿ ಕಾರ್ಪಸ್ ಎಂದು ಗುರುತಿಸಿದರೆ, ದಾನಿಯ ಪತ್ರವಿಲ್ಲದೆ ಅದು ನಿಲ್ಲುವುದಿಲ್ಲ. ರಸೀದಿಯಲ್ಲಿ "ಸಾಮಾನ್ಯ", 10ಬಿಡಿಯಲ್ಲಿ "ಕಾರ್ಪಸ್", ಆಡಿಟ್ ವರದಿಯಲ್ಲಿ ಮತ್ತೊಂದು ಎಂದಾದರೆ ನೋಟಿಸಿಗೆ ತಾವೇ ಆಹ್ವಾನ ಕೊಟ್ಟಂತೆ. ಮಾರ್ಚ್ 28ಕ್ಕೆ ದೊಡ್ಡ ದಾನ ಬಂದು ಖರ್ಚು ಮಾಡಲು ದಿನವಿಲ್ಲದಿದ್ದರೆ ಸರಿಯಾದ ದಾರಿ ಬೇರೆಯೇ ಇದೆ: ಮುಂದಿನ ವರ್ಷ ಬಳಸುವುದಾದರೆ ಫಾರ್ಮ್ 9ಎ, ನಿರ್ದಿಷ್ಟ ಉದ್ದೇಶಕ್ಕೆ 5 ವರ್ಷದವರೆಗೆ ಕೂಡಿಡುವುದಾದರೆ ಫಾರ್ಮ್ 10. ರಿಟರ್ನ್ ಗಡುವು ಅಕ್ಟೋಬರ್ 31 ಇರುವ ಸಂಸ್ಥೆಗಳು ಇವನ್ನು ಆಗಸ್ಟ್ 31ರೊಳಗೆ ಸಲ್ಲಿಸುವುದು ಕ್ಷೇಮ. ಅನೇಕ ಸಂಸ್ಥೆಗಳು ಮಾರ್ಚ್ ಕೊನೆಯ ವಾರ ಅವಸರದಲ್ಲಿ ಬೇಡದ ಸಾಮಾನು ಕೊಳ್ಳುವುದಕ್ಕೆ ಈ ಎರಡು ಫಾರ್ಮುಗಳ ಅರಿವಿಲ್ಲದಿರುವುದೂ ಒಂದು ಕಾರಣ.

ಬಂದ ರೀತಿ ಎಂಬಲ್ಲಿ ನಗದು, ವಸ್ತು ರೂಪ, ಚೆಕ್ ಮತ್ತು ವಿದ್ಯುನ್ಮಾನ, ಇತರೆ ಎಂದಿದೆ. ಒಬ್ಬರೇ ದಾನಿ ಒಂದೇ ಬಗೆಯಲ್ಲಿ, ಒಂದೇ ರೀತಿಯಲ್ಲಿ ಹಲವು ಸಲ ಕೊಟ್ಟಿದ್ದರೆ ಕೂಡಿಸಿ ಒಂದು ಸಾಲು ಮಾಡಿ. ನಗದು ಮತ್ತು ಬ್ಯಾಂಕ್ ಎರಡೂ ಇದ್ದರೆ ಎರಡು ಸಾಲು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ದಾನಿಗೆ ವಿನಾಯಿತಿ ಇಲ್ಲವೇ ಇಲ್ಲ. 2,500 ನಗದಾಗಿ ಕೊಟ್ಟವರಿಗೆ 2,000ಕ್ಕೂ ಸಿಗುವುದಿಲ್ಲ. ಅನ್ನದಾಸೋಹಕ್ಕೆ ಅಕ್ಕಿ ಮೂಟೆ, ಶಾಲೆಗೆ ಕಂಪ್ಯೂಟರ್ ಕೊಟ್ಟವರಿಗೂ ವಿನಾಯಿತಿ ಇಲ್ಲ. ಫಾರ್ಮಿನಲ್ಲಿ "ವಸ್ತು ರೂಪ" ಎಂಬ ಆಯ್ಕೆ ಇರುವುದನ್ನು ನೋಡಿ ಸಿಗುತ್ತದೆಂದು ಭಾವಿಸಿ ದಾನಿಗೆ ಮಾತು ಕೊಡುವ ಖಜಾಂಚಿಗಳಿದ್ದಾರೆ. ದಾನ ಪಡೆಯುವಾಗಲೇ ಸ್ಪಷ್ಟವಾಗಿ ಹೇಳಿಬಿಡಿ, ಜುಲೈನಲ್ಲಿ ದಾನಿಯ ಮುಂದೆ ತಲೆತಗ್ಗಿಸುವುದು ತಪ್ಪುತ್ತದೆ.

ಈಗ ಹೆಚ್ಚಿನ ಸಣ್ಣ ದಾನ ಬರುವುದು ಯುಪಿಐನಲ್ಲಿ. ಜಾತ್ರೆಯ ಪೆಂಡಾಲಿನಲ್ಲೋ ವಾರ್ಷಿಕೋತ್ಸವದ ವೇದಿಕೆಯ ಪಕ್ಕದಲ್ಲೋ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ, 501 ರೂಪಾಯಿ ಬಂದು ಬೀಳುತ್ತದೆ. ಬ್ಯಾಂಕ್ ಹೇಳಿಕೆಯಲ್ಲಿ ಕಾಣುವುದು ಒಂದು ಹೆಸರು, ಯುಪಿಐ ವಿಳಾಸ, 12 ಅಂಕಿಯ ವ್ಯವಹಾರ ಸಂಖ್ಯೆ. ವಿಳಾಸವೂ ಇಲ್ಲ, ಪ್ಯಾನೂ ಇಲ್ಲ. ಇಲ್ಲಿ ಎರಡು ಬೇರೆ ಬೇರೆ ನಿಯಮಗಳನ್ನು ಕಲಸಿಕೊಳ್ಳಬಾರದು. 10ಬಿಡಿಗೆ ಗುರುತಿನ ಸಂಖ್ಯೆ ಬೇಕು. ಆದರೆ ಸೆಕ್ಷನ್ 115ಬಿಬಿಸಿ ಅಡಿ "ಅನಾಮಧೇಯ ದಾನ" ಎಂಬ ಹಣೆಪಟ್ಟಿ ತಪ್ಪಿಸಿಕೊಳ್ಳಲು ಮುಖ್ಯವಾಗಿ ಬೇಕಾದ್ದು ದಾನಿಯ ಹೆಸರು, ವಿಳಾಸಗಳ ದಾಖಲೆ. ಪ್ಯಾನ್ ಕೊಡದವರಿಂದಲೂ ಇವೆರಡನ್ನು ಬರೆಸಿಕೊಂಡರೆ ದೊಡ್ಡ ಅಪಾಯ ಕಳೆಯಿತು. ಬರೆಸಿಕೊಳ್ಳದಿದ್ದರೆ ಏನಾಗುತ್ತದೆ? ಒಟ್ಟು ದಾನ 12 ಲಕ್ಷ, ಅದರಲ್ಲಿ ಹೆಸರು ವಿಳಾಸ ಇಲ್ಲದ್ದು 1.6 ಲಕ್ಷ ಎಂದುಕೊಳ್ಳಿ. ಒಟ್ಟು ದಾನದ ಶೇ. 5 ಅಂದರೆ 60,000, ಇಲ್ಲವೇ 1 ಲಕ್ಷ, ಇವೆರಡರಲ್ಲಿ ದೊಡ್ಡದಕ್ಕೆ ಮಾಫಿ. ಉಳಿದ 60,000ಕ್ಕೆ ಶೇ. 30ರಂತೆ 18,000 ತೆರಿಗೆ, ಮೇಲೆ ಸೆಸ್. ಪೂರ್ತಿ ಧಾರ್ಮಿಕವಾದ ಸಂಸ್ಥೆಗಳ ಹುಂಡಿಗೆ ಈ ತೆರಿಗೆ ಇಲ್ಲ, ಆದರೆ ಅಂಥವಕ್ಕೆ ಸಾಮಾನ್ಯವಾಗಿ 80ಜಿಯೂ ಇರುವುದಿಲ್ಲ. ಕ್ಯೂಆರ್ ಪಕ್ಕದಲ್ಲೇ ಇನ್ನೊಂದು ಕೋಡ್ ಅಂಟಿಸಿ, ಅದು ಹೆಸರು, ವಿಳಾಸ, ಪ್ಯಾನ್, ವ್ಯವಹಾರ ಸಂಖ್ಯೆ ಕೇಳುವ ಗೂಗಲ್ ಫಾರ್ಮಿಗೆ ಹೋಗಲಿ. ವಾರದೊಳಗೆ ಬ್ಯಾಂಕ್ ಹೇಳಿಕೆಯೊಂದಿಗೆ ತಾಳೆ ಹಾಕಿದರೆ ಬಹಳಷ್ಟು ಜನ ಇನ್ನೂ ನೆನಪಿಟ್ಟುಕೊಂಡಿರುತ್ತಾರೆ, ಮೇ ತಿಂಗಳ ಹೊತ್ತಿಗೆ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಅಮೆರಿಕದಲ್ಲೋ ದುಬೈನಲ್ಲೋ ಇರುವ ಕನ್ನಡಿಗರು ಊರಿನ ಶಾಲೆಗೆ ಹಣ ಕಳಿಸುತ್ತಾರಲ್ಲ, ಅವರ ಸಾಲನ್ನು ತುಂಬುವ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ) ಕಾರ್ಡ್ ಇದ್ದರೂ ಪೌರತ್ವ ವಿದೇಶದ್ದಾಗಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಇದ್ದರೂ 2020ರ ತಿದ್ದುಪಡಿಯ ಪ್ರಕಾರ ಹಣ ಮೊದಲು ಬಂದಿಳಿಯಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಖಾತೆಗೆ. ಹೆಸರು ನೋಡಿ "ನಮ್ಮೂರಿನವರೇ" ಎಂದು ಸ್ಥಳೀಯ ಖಾತೆಗೆ ಹಾಕಿಸಿಕೊಂಡು ಆಮೇಲೆ ಪರದಾಡುವುದು ಬೇಡ. ಅನಿವಾಸಿ ದಾನಿಯ ಭಾರತೀಯ ಪಾಸ್‌ಪೋರ್ಟಿನ ಪ್ರತಿಯನ್ನು ರಸೀದಿಯ ಜೊತೆ ಕಡತದಲ್ಲಿ ಇಟ್ಟುಕೊಳ್ಳಿ.

ಸಲ್ಲಿಸುವ ಹೊತ್ತಿನಲ್ಲಿ ಈ ಸೇವೆಯ ಅತಿ ದೊಡ್ಡ ಕೊರತೆ ಕಾಣುತ್ತದೆ. 10ಬಿಡಿಗೂ ಗಡುವು ಮೇ 31, ದಾನಿಯ ಕೈಗೆ 10ಬಿಇ ತಲುಪಿಸಲೂ ಗಡುವು ಮೇ 31. ಆದರೆ ಪಟ್ಟಿ ಸಲ್ಲಿಸಿ 24 ಗಂಟೆ ಕಳೆದ ಮೇಲೆ ಪ್ರಮಾಣಪತ್ರ ಇಳಿಸಿಕೊಳ್ಳಲು ಸಿಗುತ್ತದೆ. ಕೊನೆಯ ದಿನ ಸಲ್ಲಿಸಿದವರು ಪಟ್ಟಿಯ ಮಟ್ಟಿಗೆ ಸರಿ, ಪ್ರಮಾಣಪತ್ರದ ಮಟ್ಟಿಗೆ ಆಗಲೇ ತಡ. ಹಾಗಾಗಿ ನಿಜವಾದ ಗಡುವು ಮೇ 25 ಎಂದೇ ಇಟ್ಟುಕೊಳ್ಳಿ. ತಡವಾದರೆ ಸೆಕ್ಷನ್ 234ಜಿ ಅಡಿ ದಿನಕ್ಕೆ 200 ರೂಪಾಯಿ ಶುಲ್ಕ, ದಾನದ ಮೊತ್ತ ಮೀರದಂತೆ. ಅದರ ಮೇಲೆ ಸೆಕ್ಷನ್ 271ಕೆ ಅಡಿ 10,000ದಿಂದ 1 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ವರ್ಷಕ್ಕೆ 3 ಲಕ್ಷ ದಾನ ಬರುವ ಹಳ್ಳಿಯ ಗ್ರಂಥಾಲಯ ಟ್ರಸ್ಟಿಗೂ, ನೂರು ಕೋಟಿಯ ಸಂಸ್ಥೆಗೂ ಒಂದೇ ದರ ಇಟ್ಟಿರುವುದು ನ್ಯಾಯವಲ್ಲ. ಆದಾಯಕ್ಕೆ ತಕ್ಕ ಹಂತಗಳು ಇರಬೇಕಿತ್ತು.

ವರ್ಷದ ನಡುವೆಯೇ ದಾನಿ ಪ್ರಮಾಣಪತ್ರ ಕೇಳಿದರೆ ಪೋರ್ಟಲ್‌ನಲ್ಲಿ ಮುಂಚಿತ ಸ್ವೀಕೃತಿ ಸಂಖ್ಯೆಗಳನ್ನು ಪಡೆದು, ಒಂದು ಸಲಕ್ಕೆ 1,000ದವರೆಗೆ, ಕೈಯಿಂದಲೇ ಪ್ರಮಾಣಪತ್ರ ಬರೆದುಕೊಡಬಹುದು. ಆ ಸಂಖ್ಯೆಯನ್ನು ಮೇ ತಿಂಗಳ ಪಟ್ಟಿಯಲ್ಲಿ ಅದೇ ದಾನಿಯ ಸಾಲಿಗೆ ಮರೆಯದೆ ಸೇರಿಸಬೇಕು. ಒಳ್ಳೆಯ ಸೌಲಭ್ಯ, ಬಳಸುವವರು ಕಡಿಮೆ. ತಪ್ಪು ಕಂಡರೆ ಪರಿಷ್ಕೃತ 10ಬಿಡಿ ಸಲ್ಲಿಸುವ ದಾರಿಯೂ ಇದೆ. ತಿದ್ದಿದ ಮೇಲೆ ಹೊಸ 10ಬಿಇ ಇಳಿಸಿಕೊಂಡು ಆ ದಾನಿಗೆ ಮತ್ತೆ ಕಳಿಸಿ, ಹಳೆಯದನ್ನು ಬಳಸಬೇಡಿ ಎಂದು ತಿಳಿಸಬೇಕು.

10ಬಿಇ ಅಚ್ಚುಕಟ್ಟಾದ ಒಂದು ಕಾಗದ. ಸಂಸ್ಥೆಯ ಹೆಸರು, ಪ್ಯಾನ್, 80ಜಿ ಸಂಖ್ಯೆ, ದಾನಿಯ ವಿವರ, ಮೊತ್ತ, ಮೇಲೆ ಅದರದೇ ಸ್ವೀಕೃತಿ ಸಂಖ್ಯೆ. ರಿಟರ್ನ್‌ನ 80ಜಿ ಅನುಸೂಚಿಯಲ್ಲಿ ದಾನಿ ನಮೂದಿಸಬೇಕಾದ್ದು ಈ ಸಂಖ್ಯೆಯನ್ನೇ. ಆದರೆ ಪೋರ್ಟಲ್ ಅದನ್ನು ದಾನಿಗೆ ಕಳಿಸುವುದಿಲ್ಲ. ನಮೂನೆಯಲ್ಲಿ ದಾನಿಯ ಮೊಬೈಲ್, ಇಮೇಲ್‌ಗೆ ಕಾಲಮ್ಮೇ ಇಲ್ಲ. ಇಳಿಸಿಕೊಂಡು, ಒಬ್ಬೊಬ್ಬರಿಗೂ ಹಂಚುವುದು ಸಂಸ್ಥೆಯ ಕೆಲಸ. ನೂರಾರು ದಾನಿಗಳಿದ್ದು, ಸಂಬಳದ ಗುಮಾಸ್ತರಿಲ್ಲದ ಕಡೆ ಈ ಕಡೆಯ ಹೆಜ್ಜೆಯೇ ಬಿಟ್ಟುಹೋಗುವುದು. ಆ ಒಂದು ಕಾಲಮ್ ಸೇರಿಸಿದ್ದರೆ ಎಷ್ಟೋ ಖಜಾಂಚಿಗಳ ಜೂನ್ ತಿಂಗಳು ಹಗುರವಾಗುತ್ತಿತ್ತು. ಫಾರ್ಮು ತುಂಬುವುದು ಇಂಗ್ಲಿಷಿನಲ್ಲೇ ಆದ್ದರಿಂದ ಕನ್ನಡದಲ್ಲಿ ಬರೆದ ರಸೀದಿಗಳ ಹೆಸರುಗಳು ಟೈಪ್ ಮಾಡುವವರ ಮನಸ್ಸಿಗೆ ಬಂದ ಕಾಗುಣಿತ ಪಡೆಯುತ್ತವೆ. ರಸೀದಿಯಲ್ಲೇ ಪ್ಯಾನ್ ಕಾರ್ಡಿನಲ್ಲಿರುವ ಇಂಗ್ಲಿಷ್ ಹೆಸರನ್ನು ಬರೆಸಿಕೊಳ್ಳಿ.

ಲೆಕ್ಕ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿದ್ದರೆ ಒಂದು ಅಭ್ಯಾಸ ಬಿಡಬೇಕು: ಎಲ್ಲ ದಾನವನ್ನೂ "ಡೊನೇಷನ್" ಎಂಬ ಒಂದೇ ಲೆಡ್ಜರಿಗೆ ಹಾಕಿ, ದಾನಿಯ ಹೆಸರನ್ನು ವಿವರಣೆಯಲ್ಲಿ ಬರೆಯುವುದು. ಹಾಗೆ ಬರೆದದ್ದನ್ನು ದಾನಿವಾರು ಹೊರತೆಗೆಯಲು ಆಗುವುದಿಲ್ಲ. ಕಾರ್ಪಸ್, ನಿರ್ದಿಷ್ಟ, ಸಾಮಾನ್ಯ ಎಂದು ಮೂರು ಲೆಡ್ಜರ್ ಮಾಡಿ, ಪ್ರತಿ ದಾನಿಯನ್ನು ಕಾಸ್ಟ್ ಸೆಂಟರ್ (ಬೇರೆಯಾಗಿ ಲೆಕ್ಕ ತೆಗೆಯಬಹುದಾದ ಶೀರ್ಷಿಕೆ) ಆಗಿ ಇಟ್ಟರೆ ಪಟ್ಟಿ ತಾನಾಗಿ ಬರುತ್ತದೆ. ಟ್ಯಾಲಿ ಇಲ್ಲದ ಕಡೆ 10ಬಿಡಿಯ ಕಾಲಮ್ಮುಗಳಿರುವ ಒಂದು ಎಕ್ಸೆಲ್ ಹಾಳೆಯನ್ನು ಏಪ್ರಿಲ್ 1ಕ್ಕೇ ತೆರೆದು, ಪ್ರತಿ ತಿಂಗಳ 5ರೊಳಗೆ ಹಿಂದಿನ ತಿಂಗಳ ರಸೀದಿಗಳನ್ನು ಏರಿಸಿ, ಹಾಳೆಯ ಒಟ್ಟು ಮೊತ್ತ, ರಸೀದಿ ಪುಸ್ತಕದ ಒಟ್ಟು ಮೊತ್ತ, ಬ್ಯಾಂಕ್ ಮತ್ತು ನಗದು ಪುಸ್ತಕದ ಮೊತ್ತ ಮೂರನ್ನೂ ತಾಳೆ ಹಾಕಿ. ರದ್ದಾದ ರಸೀದಿಯ ಎರಡೂ ಪ್ರತಿಗಳನ್ನು ಪುಸ್ತಕದಲ್ಲೇ ಉಳಿಸಿ ಅಡ್ಡಗೆರೆ ಎಳೆಯಿರಿ.

2026ರ ಏಪ್ರಿಲ್ 1ರಿಂದ ಅನ್ವಯಿಸುವುದು 2025ರ ಆದಾಯ ತೆರಿಗೆ ಕಾಯ್ದೆ. ಅದರಲ್ಲಿ 80ಜಿಯ ವಿಷಯ 133ನೇ ಸೆಕ್ಷನ್‌ಗೆ ಹೋಗಿದೆ, ಲಾಭರಹಿತ ಸಂಸ್ಥೆಗಳ ನಿಯಮಗಳು 332ರಿಂದ 355ರವರೆಗೆ ಒಂದೆಡೆ ಸೇರಿವೆ. 2025-26ರ ಕೊನೆಯವರೆಗೆ ಬಂದ ದಾನಗಳ ಲೆಕ್ಕ ಹಳೆಯ ಕಾಯ್ದೆಯದ್ದೇ, ಮೇಲೆ ಹೇಳಿದ ತೆರಿಗೆ ಸೆಕ್ಷನ್ ಸಂಖ್ಯೆಗಳೂ ಅದರವೇ. ಹೊಸ ರಸೀದಿ ಪುಸ್ತಕ ಅಚ್ಚು ಹಾಕಿಸುವವರು ಸೆಕ್ಷನ್ ಸಂಖ್ಯೆಯನ್ನು ಅಚ್ಚಿನಲ್ಲಿ ಹಾಕದೆ ರಬ್ಬರ್ ಸ್ಟ್ಯಾಂಪಿಗೆ ಬಿಡಿ. ಗುರುತಿನ ಸಂಖ್ಯೆ, ಪೂರ್ತಿ ವಿಳಾಸ, ದಾನದ ಬಗೆ, ಬಂದ ರೀತಿ, ಮೊಬೈಲ್ ಸಂಖ್ಯೆ ಈ ಐದು ಖಾನೆಗಳನ್ನು ಮಾತ್ರ ಅಚ್ಚಿನಲ್ಲೇ ಹಾಕಿಸಿ. ಕಾರ್ಪಸ್ ದಾನಕ್ಕೆ ದಾನಿಯ ಸಹಿಗೆಂದು ಕೆಳಗೆ ಒಂದು ಗೆರೆಯಷ್ಟು ಜಾಗವೂ ಇರಲಿ.